ಮಗಳಿಗೊಂದು ಪತ್ರ: ಪುಟ ತೋರಿಸಿ ಮಾತಾಡು

ಪ್ರೀತಿಯ ಮಗಳೇ,

ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯ ಬಗ್ಗೆ ನೀನು ಬರೆದು ಕಳಿಸಿದ ವಿಮರ್ಶೆಯ ಕರಡನ್ನು ಎರಡು ಸಲ ಓದಿದೆ. ಆರುನೂರು ಪದಗಳಲ್ಲಿ ನಾನೂರು ಕಥೆ ಹೇಳುವುದಕ್ಕೇ ಖರ್ಚಾಗಿವೆ. ಉಳಿದದ್ದರಲ್ಲಿ 'ಅದ್ಭುತ', 'ಮನಮುಟ್ಟುವಂತಿದೆ', 'ಒಂದೇ ಗುಕ್ಕಿನಲ್ಲಿ ಓದಿಸಿಕೊಂಡು ಹೋಗುತ್ತದೆ' ಬಂದಿವೆ. ಈ ವಾಕ್ಯಗಳಲ್ಲಿ 'ಕರ್ವಾಲೊ' ಎಂಬ ಹೆಸರು ಅಳಿಸಿ ಬೇರೆ ಯಾವ ಕಾದಂಬರಿಯ ಹೆಸರಿಟ್ಟರೂ ಅವು ಹಾಗೇ ನಿಲ್ಲುತ್ತವೆ. ಹಾಗೆ ನಿಲ್ಲುವುದನ್ನೆಲ್ಲ ಹೊಡೆದುಹಾಕು. ನಿನಗೆ ಪುಸ್ತಕ ಹಿಡಿಸಿದೆ ಎಂಬುದು ಗೊತ್ತಾಗುತ್ತದೆ, ಯಾವ ಪುಟದಲ್ಲಿ ಹಿಡಿಸಿತು ಎಂಬುದು ಗೊತ್ತಾಗುವುದಿಲ್ಲ.

ತಪ್ಪು ಬರೆಯುವಾಗ ಆದದ್ದಲ್ಲ, ಓದುವಾಗಲೇ ಆದದ್ದು. ಮುಂದಿನ ಸಲ ಒಂದು ಎ4 ಹಾಳೆಯನ್ನು ಉದ್ದಕ್ಕೆ ಮಡಚಿ ಪುಸ್ತಕದೊಳಗೆ ಇಟ್ಟುಕೋ. ಮೊದಲ ಓದಿನಲ್ಲಿ ನಿಲ್ಲಬೇಡ. ಪುಟ ಸಂಖ್ಯೆ, ಪಕ್ಕದಲ್ಲಿ ಎರಡು ಪದ, ಅಷ್ಟೇ. 'ನಗು ಬಂತು', 'ನಂಬಿಕೆ ಬರಲಿಲ್ಲ', 'ಬೇಸರ' ಹೀಗೆ. ಬೇಸರವನ್ನು ಬರೆದುಕೊಳ್ಳಲು ಮರೆಯಬೇಡ, ಮೆಚ್ಚಿದ್ದು ನೆನಪಿರುತ್ತದೆ, ಬೇಸರವಾದದ್ದು ಪುಸ್ತಕ ಮುಗಿಯುವಷ್ಟರಲ್ಲಿ ಮರೆತುಹೋಗುತ್ತದೆ. ಇನ್ನೂರು ಪುಟದ ಕಾದಂಬರಿಗೆ ಹದಿನೈದಿಪ್ಪತ್ತು ಗುರುತು ಸಾಕು. ನಲವತ್ತು ದಾಟಿತೆಂದರೆ ನೀನು ಆರಿಸುತ್ತಿಲ್ಲ ಎಂದೇ ಅರ್ಥ. ಎರಡು ದಿನ ಬಿಟ್ಟು ಆ ಪುಟಗಳನ್ನು ಮಾತ್ರ ಮತ್ತೆ ಓದು. ಈ ಸಲ ಪ್ರಶ್ನೆ ಬೇರೆ: ಇಲ್ಲಿ ನಗು ಬರುವಂತೆ ಬರೆದವರು ಏನು ಮಾಡಿದ್ದಾರೆ? ಉತ್ತರ ಸಿಕ್ಕ ನಾಲ್ಕೈದು ಪುಟಗಳೇ ನಿನ್ನ ವಿಮರ್ಶೆಯ ಬಂಡವಾಳ.

ಕಾದಂಬರಿಯಾದರೆ ಮುನ್ನುಡಿ, ಬೆನ್ನುಡಿ ಎರಡನ್ನೂ ಕೊನೆಗೆ ಓದು. ನಮ್ಮಲ್ಲಿ ಹಿರಿಯರ ಮುನ್ನುಡಿ ಅಂದರೆ ಅರ್ಧ ತೀರ್ಪು. ಮೊದಲೇ ಓದಿದರೆ ಅವರ ಮಾತು ನಿನ್ನ ಬರಹಕ್ಕೆ ನಿನಗೇ ಗೊತ್ತಾಗದಂತೆ ಬಂದು ಕೂರುತ್ತದೆ. ಕಥೆಯಲ್ಲದ ಪುಸ್ತಕಕ್ಕೆ ಇದು ತಿರುಗುಮುರುಗು. ಅಲ್ಲಿ ಲೇಖಕರ ಅರಿಕೆಯನ್ನೇ ಮೊದಲು ಓದಬೇಕು, ಏನು ಮಾಡಹೊರಟೆ ಎಂದು ಅವರೇ ಹೇಳಿರುತ್ತಾರೆ. ಅವರು ಕೊಡುತ್ತೇನೆಂದು ಹೇಳದೇ ಇದ್ದದ್ದನ್ನು ಕೊಡಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಇನ್ನು ಕಥೆ ಹೇಳುವ ವಿಚಾರ. ಆರುನೂರು ಪದದ ಬರಹದಲ್ಲಿ ಕಥೆಗೆ ನೂರಿಪ್ಪತ್ತು ಪದ ಮೀರಬಾರದು. ಓದುಗರಿಗೆ ಬೇಕಾದದ್ದು ಏನಾಯಿತು ಎನ್ನುವುದಕ್ಕಿಂತ ಯಾರ ಕಣ್ಣಿನಿಂದ ನೋಡುತ್ತೇವೆ ಎನ್ನುವುದು. 'ಕರ್ವಾಲೊ'ದಲ್ಲಿ ಕಥೆ ಹೇಳುವ 'ನಾನು'ಗೆ ಮಂದಣ್ಣ ಒಬ್ಬ ಪೆದ್ದ. ಅದೇ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಕಾಣುವುದು ಹುಟ್ಟು ಪ್ರಕೃತಿಶಾಸ್ತ್ರಜ್ಞನನ್ನು. ನಾವು ಎರಡೂ ಕಣ್ಣಿನಿಂದ ಅವನನ್ನು ನೋಡುತ್ತೇವೆ, ನಮ್ಮ ಅಂದಾಜು ನಿಧಾನವಾಗಿ ಬದಲಾಗುತ್ತದೆ. ಕಾದಂಬರಿಯ ಕೀಲು ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ನಿನ್ನ ಕರಡಿನಲ್ಲಿ ಮಂದಣ್ಣ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಾನೆ.

ಇನ್ನೊಂದು ಎಡವಟ್ಟು: 'ತೇಜಸ್ವಿ ಇಲ್ಲಿ ಹೇಳುತ್ತಾರೆ' ಎಂದು ಮೂರು ಕಡೆ ಬರೆದಿದ್ದೀಯ. ಹೇಳುವುದು ಆ 'ನಾನು'. ತೇಜಸ್ವಿಯವರೂ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದವರಾದ್ದರಿಂದ ಇಬ್ಬರನ್ನೂ ಒಂದು ಮಾಡಿಬಿಡುವುದು ಸುಲಭ. ಆದರೆ 'ನಾನು' ತಪ್ಪು ತಿಳಿಯಬಲ್ಲ, ದುಡುಕಬಲ್ಲ. ಅವನ ತಪ್ಪನ್ನು ಲೇಖಕರ ಅಭಿಪ್ರಾಯವೆಂದು ಓದಿದರೆ ಪುಸ್ತಕದ ಅರ್ಧ ಹಾಸ್ಯವೇ ಕೈತಪ್ಪುತ್ತದೆ.

ಕಾದಂಬರಿಯಲ್ಲಿ ಅವರೆಲ್ಲ ಹುಡುಕಿಕೊಂಡು ಹೊರಡುವ ಹಾರುವ ಓತಿಯ ಬಗ್ಗೆ ನಿನ್ನ ಆಕ್ಷೇಪ ನೋಡಿದೆ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಹಾರುವ ಓತಿ ಇದೆ. ನಿಜವಾಗಿ ಅದು ಹಾರುವುದಿಲ್ಲ, ಪಕ್ಕೆಲುಬುಗಳ ಮೇಲೆ ಹರಡಿಕೊಂಡ ಚರ್ಮದ ಪೊರೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಇಷ್ಟು ಸರಿ. ಆದರೆ 'ಅದು ಅಷ್ಟೇನೂ ಅಪರೂಪವಲ್ಲ, ಆದ್ದರಿಂದ ಕಾದಂಬರಿ ತಪ್ಪು' ಎಂಬ ಸಾಲು ತೆಗೆ. 1980ರ ಈ ಕಾದಂಬರಿಯಲ್ಲಿ ಓತಿ ಕಾಲದ ಆಳವನ್ನು ಹೊತ್ತು ಬರುವ ಜೀವಿ. ಅದರ ಹಿಂದೆ ಹೊರಟವರು ಏನಾಗುತ್ತಾರೆ ಎಂಬುದರಿಂದ ಅದನ್ನು ಅಳೆಯಬೇಕು.

ಇದೇ ಅಳತೆಗೋಲನ್ನು ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಪಕ್ಕಕ್ಕೆ ಒಯ್ಯಬೇಡ. 1976ರ ಪುಸ್ತಕ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಸಸ್ಯ ಹುಡುಕುತ್ತ ಕಾಡು ಸುತ್ತುವ ಮೇಷ್ಟ್ರು, ಕೀಟಲೆ, ಊಟದ ಪಾಡು. ಓದುವಾಗ ಕಾದಂಬರಿಯ ಸುಖ. ಆದರೂ ಅಲ್ಲಿ ಬರುವ ಗಿಡ ನಿಜವಾದ ಗಿಡ. 'ನಗಿಸುತ್ತದೆ' ಎಂದು ಬರೆದು ಬಿಟ್ಟರೆ ಕೆಲಸ ಅರ್ಧ ಆದಂತೆ. ಮೂರು ಗಿಡ ಆರಿಸಿಕೋ. ಎಲೆ, ಹೂವಿನ ವರ್ಣನೆಯನ್ನು ಅವರೇ ಬರೆದ ಚಿತ್ರದ ಜೊತೆ ಇಟ್ಟು ನೋಡು, ಆಮೇಲೆ ಬೇರೊಂದು ಸಸ್ಯಶಾಸ್ತ್ರದ ಪುಸ್ತಕದ ಜೊತೆ. ವ್ಯತ್ಯಾಸ ಕಂಡರೆ ತಕ್ಷಣ ತಪ್ಪೆನ್ನಬೇಡ. ಸಾಗುವಾನಿಯನ್ನು ಹಳೆಯ ಪುಸ್ತಕಗಳು ವರ್ಬಿನೇಸಿ ಕುಟುಂಬಕ್ಕೆ ಸೇರಿಸುತ್ತವೆ, ಈಗ ಅದು ತುಳಸಿಯ ಕುಟುಂಬವಾದ ಲೇಮಿಯೇಸಿಗೆ ಬಂದಿದೆ. ಬದಲಾದದ್ದು ಶಾಸ್ತ್ರ. ಅದಕ್ಕೇ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮೊದಲ ಮುದ್ರಣದ ವರ್ಷ ನೋಡಬೇಕು. ಕೈಯಲ್ಲಿರುವುದು ಹೊಸ ಮುದ್ರಣ ಅಂದಮಾತ್ರಕ್ಕೆ ಒಳಗಿನ ಮಾಹಿತಿ ಹೊಸದಲ್ಲ. ಪದಸೂಚಿ ಇದೆಯೇ ಎಂಬುದನ್ನೂ ಬರೆ. ಇಲ್ಲದಿದ್ದರೆ ಎರಡನೇ ಸಲ ಏನನ್ನಾದರೂ ಹುಡುಕುವವರು ಪಡುವ ಪಾಡು ನಿನಗೆ ಗೊತ್ತು.

ಅನುವಾದವಾದರೆ ಅನುವಾದಕರ ಹೆಸರಿಲ್ಲದ ವಿಮರ್ಶೆ ಅಪೂರ್ಣ. 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಬಂದ ಅಂತರರಾಷ್ಟ್ರೀಯ ಬೂಕರ್‌ನ 50,000 ಪೌಂಡನ್ನು ಕಥೆಗಾರ್ತಿ ಬಾನು ಮುಷ್ತಾಕ್ ಮತ್ತು ಅದನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಸಮನಾಗಿ ಹಂಚಿಕೊಂಡರು. ಅದರಲ್ಲಿರುವ 12 ಕಥೆಗಳು ಮೂರು ದಶಕಕ್ಕೂ ಮೀರಿದ ಅವಧಿಯಲ್ಲಿ ಬರೆದವುಗಳಿಂದ ಆರಿಸಿದವು. ಹಾಗಾಗಿ ಅಲ್ಲಿ ಆಯ್ಕೆಯ ಬಗ್ಗೆಯೂ ಒಂದು ಮಾತು ಬೇಕು. ಕನ್ನಡ ಮೂಲ ಸಿಕ್ಕರೆ ಒಂದೇ ಒಂದು ಸಂಭಾಷಣೆಯನ್ನು ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಓದಿ ನೋಡು.

ಉಲ್ಲೇಖಗಳನ್ನು ನೆನಪಿನಿಂದ ಬರೆಯಲೇಬೇಡ. ನೆನಪು ಒಳ್ಳೆಯ ಸಾಲನ್ನು ನಮ್ಮ ಮಾತಿಗೆ ಒಗ್ಗಿಸಿಬಿಡುತ್ತದೆ. ಎರಡು ಉಲ್ಲೇಖ, ಒಂದೊಂದೂ ಮೂರು ಸಾಲು ಮೀರದಂತೆ, ಪುಸ್ತಕ ತೆರೆದಿಟ್ಟುಕೊಂಡು ನಕಲು ಮಾಡು. ಪುಟ ಸಂಖ್ಯೆಯ ಜೊತೆ ಎಷ್ಟನೇ ಮುದ್ರಣ ಎಂದೂ ಹಾಕು, ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ.

ನಿನ್ನ ಕರಡಿನಲ್ಲಿ ನಾನು ಅಡಿಗೆರೆ ಎಳೆದ ವಾಕ್ಯ ಒಂದೇ ಒಂದು, ಕೊನೆಯ ಪ್ಯಾರಾದ ನಡುವೆ ಸಿಕ್ಕಿಕೊಂಡಿದೆ: 'ಕಿವಿ ಎಂಬ ನಾಯಿ ಬಂದಾಗೆಲ್ಲ ಕಾಡು ಮನೆಯಂಗಳಕ್ಕೆ ಬಂದ ಹಾಗಾಗುತ್ತದೆ.' ಇದನ್ನು ಬೇರೆ ಯಾವ ಪುಸ್ತಕದ ಬಗ್ಗೆಯೂ ಬರೆಯಲಾಗದು. ಕಿವಿ ಬರುವ ಪುಟಗಳನ್ನೆಲ್ಲ ಗುರುತು ಹಾಕಿಕೊಂಡು ಮತ್ತೆ ಓದು, ಈ ಮಾತು ಎಷ್ಟು ಕಡೆ ನಿಜ, ಎಲ್ಲಿ ಅಲ್ಲ, ನೋಡು. ಎರಡನೇ ಕರಡು ಅಲ್ಲಿಂದಲೇ ಶುರುವಾಗಲಿ.

ಪ್ರೀತಿಯಿಂದ,
ಅಮ್ಮ