ಕುರುಬರಿಗೆ, ಮೇಸ್ತ್ರಿಗಳಿಗೆ, ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ: ಒಂದು ವರ್ಷದ ಋಣ

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು.

ರಕ್ಷಕನಾದ ಯೇಸುವನ್ನು ಸತ್ಯವೇದ (ಬೈಬಲ್) ಯಾವ ಯಾವ ಹೋಲಿಕೆಗಳಲ್ಲಿ ತೋರಿಸುತ್ತದೆ ಎಂಬ ವರ್ಷಪೂರ್ತಿಯ ಪಾಠ ಈ ಭಾನುವಾರಕ್ಕೆ ಮುಗಿಯಿತು. ಆಸ್ಪತ್ರೆಯಲ್ಲಿ, ಸಾವಾದ ಮನೆಯಲ್ಲಿ, ಕೆಲಸ ಹೋದವರ ಮನೆಯಲ್ಲಿ ಕೂತು ವಚನ ಓದುವವರಿಗಾಗಿ ಮಾಡಿದ ಪಾಠ ಅದು. ಪಾಠ ಹೇಳಿದವರು ನಾವಾದರೂ ಅದಕ್ಕೆ ಜೀವ ತುಂಬಿದವರು ಪ್ರಸಂಗಪೀಠವನ್ನು ಎಂದೂ ಹತ್ತದವರು. ಕುರಿ ಕಾಯುವವರು, ದ್ರಾಕ್ಷಿ ತೋಟದವರು, ಕಲ್ಲು ಕಟ್ಟುವ ಮೇಸ್ತ್ರಿಗಳು, ಬೋಟಿನವರು, ರಾತ್ರಿ ಪಾಳಿಯ ಸಿಸ್ಟರ್‌ಗಳು. ಇವರಿಗೆ ಬರಿ ಥ್ಯಾಂಕ್ಸ್ ಹೇಳಿ ಎದ್ದು ಹೋಗಲು ಮನಸ್ಸು ಒಪ್ಪಲಿಲ್ಲ. ಯಾರ ಕಸುಬಿನಿಂದ ಯಾವ ವಚನ ತೆರೆದುಕೊಂಡಿತು ಎಂಬುದನ್ನು ಎಲ್ಲರೆದುರು ಹೇಳುವುದೇ ಸರಿ ಅನ್ನಿಸಿತು.

ಮೊದಲ ವಂದನೆ ಕುರಿ ಕಾಯುವ ಅಣ್ಣಂದಿರಿಗೆ. ಯೋಹಾನ 10ನೇ ಅಧ್ಯಾಯದ ‘ಒಳ್ಳೆಯ ಕುರುಬ’ ಕನ್ನಡದ ಅನುವಾದಗಳಲ್ಲಿ ಕೆಲವೆಡೆ ಕುರುಬ, ಕೆಲವೆಡೆ ಕುರಿಗಾಹಿ. ಹೆಸರು ಯಾವುದಾದರೂ ಕೆಲಸ ಒಂದೇ. ಮಂದೆಯನ್ನು ಹಿಂದಿನಿಂದ ಅಟ್ಟಿಕೊಂಡು ಹೋಗುವುದನ್ನು ನೋಡಿ ಬೆಳೆದವರು 4ನೇ ವಚನವನ್ನು ಗಮನಿಸಬೇಕು: ಅಲ್ಲಿ ಕುರುಬ ಮುಂದೆ ಹೋಗುತ್ತಾನೆ, ಕುರಿಗಳು ದನಿ ಗುರುತಿಸಿ ಹಿಂದೆ ಬರುತ್ತವೆ. ಮುಂದೆ ಏನಿದೆಯೋ ಎಂದು ಹೆದರಿದವರಿಗೆ ಓದಬೇಕಾದ್ದು ಈ ಸಾಲು. ಮುಳ್ಳಾಗಲಿ ಹಳ್ಳವಾಗಲಿ, ಮೊದಲು ತುಳಿಯುವ ಕಾಲು ಆತನದು.

ಲೂಕ 15ರ ತಪ್ಪಿಹೋದ ಕುರಿಯ ಭಾಗವನ್ನಂತೂ ಇವರಿಂದಲೇ ಕಲಿಯಬೇಕು. ಮಂದೆಯಿಂದ ಅಗಲಿದ ಕುರಿ ಬಹಳ ಹೊತ್ತು ದಾರಿ ಹುಡುಕುವುದಿಲ್ಲ. ಹೆದರಿ ಯಾವುದೋ ಪೊದೆಯ ಮರೆಗೆ ಮುದುಡಿ ನಿಲ್ಲುತ್ತದೆ, ಸಿಕ್ಕಿದ ಮೇಲೂ ಕಾಲೆತ್ತಿ ಇಡಲು ಒಪ್ಪುವುದಿಲ್ಲ. ಆಗ ಹೊರಬೇಕು. ಹೊಟ್ಟೆ ಕುತ್ತಿಗೆಗೆ ಒತ್ತುವಂತೆ ಹೆಗಲಿಗೆ ಹಾಕಿ, ಮುಂಗಾಲು ಹಿಂಗಾಲು ಎರಡನ್ನೂ ಎದೆಯ ಮುಂದೆ ಹಿಡಿದು ನಡೆಯಬೇಕು. ಬೆಳೆದ ಕುರಿ ಸುಮಾರು 30 ಕಿಲೋ ತೂಗುತ್ತದೆ. ಈಗ 5ನೇ ವಚನವನ್ನು ಮತ್ತೆ ಓದಿ. ಕುರುಬ ಸಂತೋಷಪಡುವುದು ಮನೆಗೆ ಬಂದು ಭಾರ ಇಳಿಸಿದಾಗಲ್ಲ, ಹೆಗಲ ಮೇಲೆ ಎತ್ತಿಕೊಂಡಾಗ. ನಡೆಯಬೇಕಾದ ದಾರಿ ಪೂರ್ತಿ ಇನ್ನೂ ಮುಂದಿರುವಾಗಲೇ ಆತನಿಗೆ ಸಂತೋಷ! ‘ನಾನು ಎಲ್ಲರಿಗೂ ಹೊರೆಯಾದೆ’ ಎಂದು ಹಾಸಿಗೆ ಹಿಡಿದವರು ಕೊರಗುವಾಗ ಇದಕ್ಕಿಂತ ಮೆತ್ತಗಿನ ಮಾತು ನಮಗೆ ಗೊತ್ತಿಲ್ಲ. ರೋಮಿನ ನೆಲದಡಿಯ ಸಮಾಧಿಗಳ ಗೋಡೆಗಳಲ್ಲಿ ಆದಿ ಕ್ರೈಸ್ತರು ಹೆಗಲ ಮೇಲೆ ಕುರಿ ಹೊತ್ತವನ ಚಿತ್ರವನ್ನು ಮತ್ತೆ ಮತ್ತೆ ಬರೆಸಿದ್ದು ಸುಮ್ಮನೆ ಅಲ್ಲ.

23ನೇ ಕೀರ್ತನೆ ಎಲ್ಲರಿಗೂ ಬಾಯಿಪಾಠ. ಬಾಯಿಪಾಠವಾದದ್ದನ್ನು ನಾವು ನೋಡುವುದೇ ಇಲ್ಲ. ಮೊದಲ ಮೂರು ವಚನಗಳಲ್ಲಿ ದೇವರು ‘ಆತನು’. ಕತ್ತಲೆಯ ಕಣಿವೆ ಬರುವುದು 4ನೇ ವಚನದಲ್ಲಿ, ಆತನು ‘ನೀನು’ ಆಗುವುದೂ ಅಲ್ಲಿಯೇ. ಹಸಿರುಗಾವಲಿನಲ್ಲಿ ದೇವರ ವಿಷಯ ಮಾತಾಡುತ್ತಿದ್ದವನು ಕಣಿವೆಗೆ ಇಳಿದಾಗ ದೇವರೊಡನೆ ಮಾತಾಡತೊಡಗುತ್ತಾನೆ. ಹೀಬ್ರೂ ಮೂಲದಲ್ಲಿ ‘ನೀನು ನನ್ನ ಸಂಗಡ ಇದ್ದೀ’ ಎಂಬುದು ಮೂರು ಪದ. ತಲೆಬರಹ ಬಿಟ್ಟು ಎಣಿಸಿದರೆ ಅದರ ಹಿಂದೆ 26 ಪದ, ಮುಂದೆ 26 ಪದ. ಕೀರ್ತನೆಯ ನಟ್ಟನಡುವೆ ಕೂತಿರುವುದು ಆ ಮೂರು ಪದಗಳೇ. ಕೊನೆಯ ವಚನದಲ್ಲಿ ಶುಭವೂ ಕೃಪೆಯೂ ‘ಹಿಂಬಾಲಿಸುವವು’ ಅನ್ನುತ್ತೇವಲ್ಲ, ಮೂಲದ ಆ ಕ್ರಿಯಾಪದವನ್ನು ಹಳೇ ಒಡಂಬಡಿಕೆಯಲ್ಲಿ ಶತ್ರು ಅಟ್ಟಿಸಿಕೊಂಡು ಬರುವುದಕ್ಕೂ ಬಳಸುತ್ತಾರೆ. ಈ ಕೀರ್ತನೆಯ ದಾವೀದನ ಬೆನ್ನು ಹತ್ತಿದ್ದು ಅವನನ್ನು ಕೊಲ್ಲಲು ಅಟ್ಟಿದ ಅರಸ ಸೌಲನೊಬ್ಬನೇ ಅಲ್ಲ.

ಯೋಹಾನ 15ರಲ್ಲಿ ಯೇಸು ಬಳ್ಳಿ, ಶಿಷ್ಯರು ಕೊಂಬೆಗಳು. ಈ ದ್ರಾಕ್ಷಿಬಳ್ಳಿಯ ಹೋಲಿಕೆಯನ್ನು ಮಾತ್ರ ಬಹಳ ಎಚ್ಚರದಿಂದ ಹಿಡಿಯಬೇಕು. ಇದಕ್ಕೆ ವಿಜಯಪುರದ ಕಡೆಯ ತೋಟದವರಿಗೆ ನಾವು ಋಣಿಗಳು. ಅಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಎರಡು ಸಲ ಬಳ್ಳಿ ಕತ್ತರಿಸುವುದು. ಏಪ್ರಿಲ್ ಚಾಟ್ನಿಯಲ್ಲಿ ಬಳ್ಳಿಯನ್ನು ಹೆಚ್ಚುಕಡಿಮೆ ಬೋಳು ಮಾಡುತ್ತಾರೆ. ಹೊಸ ಕಡ್ಡಿ ಹೊರಡುತ್ತದೆ, ಎಲೆ ತುಂಬುತ್ತದೆ, ಹಣ್ಣು ಮಾತ್ರ ಕಾಣುವುದಿಲ್ಲ. ಆದರೆ ಮುಂದೆ ಗೊನೆಯಾಗುವುದು ಕಡ್ಡಿಯ ಕಣ್ಣುಗಳೊಳಗೆ ರೂಪುಗೊಳ್ಳುವುದು ಆ ತಿಂಗಳುಗಳಲ್ಲೇ, ಹೊರಗಿನವರಿಗೆ ತಿಳಿಯದ ಹಾಗೆ. ಅಕ್ಟೋಬರಿನಲ್ಲಿ ಕಡ್ಡಿಗೆ ಕೆಲವೇ ಕಣ್ಣು ಬಿಟ್ಟು ಮತ್ತೆ ಕತ್ತರಿಸುತ್ತಾರೆ, ಅಲ್ಲಿಂದ ಸುಮಾರು 4 ತಿಂಗಳಿಗೆ ಕೊಯ್ಲು. ಯೇಸು ನೋಡಿದ ಯೂದಾಯದ ತೋಟಗಳಲ್ಲಿ ಬಳ್ಳಿ ಚಳಿಗೆ ಎಲೆ ಉದುರಿಸಿ ನಿದ್ರೆಗೆ ಹೋದಾಗ ಕತ್ತರಿಸುತ್ತಿದ್ದರು, ಕಾಲ ಬೇರೆ. ಕಾರಣ ಒಂದೇ: ಕತ್ತರಿ ಬೀಳದ ಬಳ್ಳಿ ಸೊಪ್ಪಾಗಿ ಹಬ್ಬುತ್ತದೆ, ಗೊನೆ ಸಣ್ಣದಾಗುತ್ತದೆ, ಎಲೆಗಳ ನಡುವೆ ಗಾಳಿಯಾಡದೆ ರೋಗ ಹತ್ತುತ್ತದೆ. ಬೇರು ಚುರುಕಾಗಿರುವಾಗ ಕತ್ತರಿಸಿದರೆ ತುದಿಯಲ್ಲಿ ನೀರು ಒಂದೊಂದೇ ಹನಿಯಾಗಿ ಕೂಡಿ, ತೂಗಿ, ಬೀಳುತ್ತದೆ. ನೋಡಿದವರಿಗೆ ಬಳ್ಳಿ ಅಳುತ್ತಿದೆ ಅನ್ನಿಸುತ್ತದೆ. ಬೇರು ನೀರು ಮೇಲೆತ್ತುತ್ತಿದೆ ಎಂಬುದಕ್ಕೆ ಅದೇ ಗುರುತು.

ಇಷ್ಟು ಚಂದದ ಹೋಲಿಕೆ ಎಲ್ಲಿ ಕೆಡುತ್ತದೆ? ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ‘ದೇವರು ನಿಮ್ಮನ್ನು ಬಳ್ಳಿಯ ಹಾಗೆ ಸವರಿ ಕತ್ತರಿಸುತ್ತಿದ್ದಾನೆ ಅಮ್ಮಾ’ ಅಂದಾಗ ಕೆಡುತ್ತದೆ. ಯೋಹಾನ 15ರ ಮೊದಲ ವಚನದಲ್ಲೇ ತೋಟಗಾರ ಯಾರೆಂದು ಹೇಳಿದೆ: ತಂದೆ. ಕತ್ತರಿ ಭೇಟಿಗೆ ಹೋದವರ ಕೈಯಲ್ಲಿಲ್ಲ. ಇನ್ನೊಬ್ಬರ ನೋವಿಗೆ ಇದೇ ಕಾರಣ ಎಂದು ತೀರ್ಪು ಕೊಡುವ ಅಧಿಕಾರ ಆ ಅಧ್ಯಾಯ ನಮಗೆ ಕೊಡುವುದೇ ಇಲ್ಲ. ಇನ್ನೊಂದು ಮಾತು. ಸವರುವುದು ಫಲ ಕೊಡುವ ಕೊಂಬೆಯನ್ನು, ಅದು ಶಿಕ್ಷೆಯಲ್ಲ. ‘ಸವರಿ ಶುದ್ಧಿಮಾಡು’ ಎಂಬ ಗ್ರೀಕ್ ಕ್ರಿಯಾಪದಕ್ಕೂ ಮುಂದಿನ ವಚನದ ‘ಶುದ್ಧರು’ ಎಂಬ ಮಾತಿಗೂ ಬೇರು ಒಂದೇ, ಮತ್ತು ಶಿಷ್ಯರು ಶುದ್ಧರಾದದ್ದು ಯೇಸು ಆಡಿದ ವಾಕ್ಯದಿಂದ ಎಂದು ಅಲ್ಲೇ ಬರೆದಿದೆ. ದುಃಖದ ಮನೆಯಲ್ಲಿ ಈ ಅಧ್ಯಾಯವನ್ನು ಓದಲೇಬೇಕೆಂದಿದ್ದರೆ 4ರಿಂದ 10ನೇ ವಚನ ಓದಿ. ಗ್ರೀಕಿನಲ್ಲಿ ‘ನೆಲೆಗೊಂಡಿರು’ ಎಂಬ ಕ್ರಿಯಾಪದ ಆ ಏಳು ವಚನಗಳಲ್ಲಿ 10 ಸಲ ಬರುತ್ತದೆ. ಕೊಂಬೆಗೆ ಹೇಳಿದ ಕೆಲಸ ಅದೊಂದೇ, ಬಳ್ಳಿಗೆ ಅಂಟಿಕೊಂಡಿರುವುದು. ಏನೂ ಮಾಡಲಾಗದೆ ಮಲಗಿದವರೂ ಅದನ್ನು ಮಾಡಬಲ್ಲರು.

ಮೇಸ್ತ್ರಿಗಳೇ, ಮೂಲೆಗಲ್ಲಿನ ಪಾಠ ನಿಮ್ಮದು. ಮೂಲೆಯ ಕಲ್ಲು ಮೊದಲು ಕೂರಬೇಕು. ಅದರ ಎರಡು ಮುಖಗಳಿಂದ ಎರಡು ದಿಕ್ಕಿಗೆ ನೂಲು ಹಿಡಿದು ಉಳಿದ ಸಾಲು ಕಟ್ಟಬೇಕು. ಮೂಲೆ 10 ಅಡಿಗೆ ಅರ್ಧ ಇಂಚು ತಿರುಗಿದರೆ 40 ಅಡಿಯ ಗೋಡೆಯ ಕೊನೆಯಲ್ಲಿ 2 ಇಂಚು ಹೊರಗೆ. ಆಮೇಲೆ ಎಷ್ಟು ಗಾರೆ ಮೆತ್ತಿದರೂ ಅದು ಮುಚ್ಚುವುದಿಲ್ಲ. ಯೆಶಾಯ 28:16ರಲ್ಲಿ ಚೀಯೋನಿನಲ್ಲಿ ಇಟ್ಟ ಪರೀಕ್ಷಿತ ಕಲ್ಲಿನ ಮಾತು ಬರುತ್ತದೆ. ಅದರ ಮರುವಚನದಲ್ಲೇ ನೂಲು ಮತ್ತು ತೂಗುಗುಂಡು ಬರುವುದು ಏಕೆ ಎಂದು ಗ್ರಂಥ ಓದಿದವರಿಗೆ ಹೊಳೆಯದೇ ಇರಬಹುದು, ಕಟ್ಟುವವರಿಗೆ ಕೂಡಲೇ ಹೊಳೆಯುತ್ತದೆ. 118ನೇ ಕೀರ್ತನೆಯ 22ನೇ ವಚನ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಆ ಕಲ್ಲನ್ನು ಬೇಡವೆಂದು ಬಿಸಾಡಿದವರು ದಾರಿಹೋಕರಲ್ಲ, ಮನೆ ಕಟ್ಟುವವರೇ, ಅಂದರೆ ಕಲ್ಲಿನ ಬೆಲೆ ಬಲ್ಲವರು. ಯೇಸು ಇದನ್ನು ತನಗೆ ಅನ್ವಯಿಸಿದ್ದು ಮತ್ತಾಯ 21ರಲ್ಲಿ, ಪೇತ್ರನು ಯೆಹೂದ್ಯರ ಹಿರೀಸಭೆಯ ಮುಂದೆ ಹೇಳಿದ್ದು ಅಪೊಸ್ತಲರ ಕೃತ್ಯಗಳು 4:11ರಲ್ಲಿ. ಇಂಟರ್‌ವ್ಯೂನಲ್ಲಿ, ಮದುವೆಯ ಮಾತುಕತೆಯಲ್ಲಿ, ಸ್ವಂತ ಮನೆಯಲ್ಲಿ ‘ನೀನು ಬೇಡ’ ಅನ್ನಿಸಿಕೊಂಡವರಿಗೆ ಓದುವ ಭಾಗ ಇದು. ತಳ್ಳಲ್ಪಡುವುದು ಏನೆಂದು ರಕ್ಷಕನು ಬಲ್ಲನು. ಆದರೆ ಅದೇ ಕಲ್ಲು 1 ಪೇತ್ರ 2:8ರಲ್ಲಿ ಎಡವುವ ಬಂಡೆ, ಪೂರ್ತಿ ಓದದೆ ಸಿಹಿಯನ್ನಷ್ಟೇ ಆರಿಸಿ ಕೊಡಬಾರದು.

ಬೋಟಿನವರಿಗೆ ಚಿಕ್ಕದಾಗಿ, ಆದರೆ ಮನಸಾರೆ. ಲಂಗರಿನ ಹಗ್ಗ ನೀರಿನ ಆಳದಷ್ಟೇ ಉದ್ದವಿದ್ದರೆ ಸಾಲದು, ಐದರಿಂದ ಏಳು ಪಟ್ಟು ಬೇಕು. 10 ಮಾರು ನೀರಿಗೆ 50ರಿಂದ 70 ಮಾರು. ಹಗ್ಗ ಗಿಡ್ಡವಾದರೆ ಪ್ರತಿ ಅಲೆಯೂ ಲಂಗರನ್ನು ಮೇಲಕ್ಕೆ ಜಗ್ಗಿ ಕೀಳುತ್ತದೆ, ಉದ್ದವಿದ್ದರೆ ನೆಲದ ಗುಂಟ ಎಳೆದು ಇನ್ನಷ್ಟು ಆಳಕ್ಕೆ ಕಚ್ಚಿಸುತ್ತದೆ. ಇಬ್ರಿಯ 6:19ರ ಲಂಗರು ಕೆಳಕ್ಕೆ ಬೀಳುವುದಿಲ್ಲ, ದೇವಾಲಯದ ಪರದೆಯ ಒಳಕ್ಕೆ, ಯೇಸು ಮುಂಚಿತವಾಗಿ ಹೋಗಿರುವ ಕಡೆಗೆ ಹೋಗುತ್ತದೆ. ಲಂಗರು ಹಾಕಿದ ದೋಣಿಯೂ ಓಲಾಡುತ್ತದೆ ಎಂದು ನೀವು ಹೇಳಿಕೊಟ್ಟಿರಿ. ವಿಶ್ವಾಸ ಇದ್ದೂ ಕೈ ನಡುಗುತ್ತದಲ್ಲ ಎಂದು ನಾಚುವವರಿಗೆ ಆ ಒಂದು ಮಾತು ಸಾಕಾಗಿತ್ತು. ಬಿರುಗಾಳಿಗೆ ಸಿಕ್ಕ ಪೌಲನ ಹಡಗಿನವರು (ಅಪೊಸ್ತಲರ ಕೃತ್ಯಗಳು 27) 20 ಮಾರು, ಆಮೇಲೆ 15 ಮಾರು ಆಳ ಅಳೆದು, ಹಿಂಭಾಗದಿಂದ ನಾಲ್ಕು ಲಂಗರು ಇಳಿಸಿ, ಬೆಳಗಾಗಲಿ ಎಂದು ಹಾರೈಸಿದರು. ಅದು ಅವರ ಹದಿನಾಲ್ಕನೆಯ ರಾತ್ರಿ.

ಇಷ್ಟೆಲ್ಲ ನಮ್ಮ ನುಡಿಯಲ್ಲಿ ಓದಲು ಸಿಕ್ಕಿತಲ್ಲ, ಅದಕ್ಕೂ ಋಣ ಇದೆ. 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರಿಗೂ, 1894ರಲ್ಲಿ ನಿಘಂಟು ಕೊಟ್ಟ ಬಾಸೆಲ್ ಮಿಷನ್ನಿನ ಕಿಟೆಲ್ ಅವರಿಗೂ, ಅವರ ಪಕ್ಕದಲ್ಲಿ ಕೂತು ಮಾತು ತಿದ್ದಿದ, ಹೆಸರು ಉಳಿಯದ ಕನ್ನಡ ಪಂಡಿತರಿಗೂ. ಯೋಹಾನ 6ರ ‘ಜೀವದ ರೊಟ್ಟಿ’ಯಲ್ಲಿ ರೊಟ್ಟಿ ಎಂಬ ಮಾತು ನಿಂತದ್ದು ದೊಡ್ಡ ಉಪಕಾರ. ಆ ಅಧ್ಯಾಯದ ಹುಡುಗನ ಬುತ್ತಿಯಲ್ಲಿ ಇದ್ದದ್ದು ಬಡವರು ತಿನ್ನುವ ಜವೆಗೋದಿಯ ಐದು ರೊಟ್ಟಿ. ಜೋಳದ ರೊಟ್ಟಿ ತಟ್ಟುವ ಮನೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭೇಟಿಗೆ ಹೋಗುವವರು ಕೇಳಿದ್ದರಿಂದ ಓದುವ ಕ್ರಮವನ್ನೂ ಇಲ್ಲಿ ಬರೆಯುತ್ತೇವೆ. ಒಂದು ಭೇಟಿಗೆ ಒಂದೇ ಹೋಲಿಕೆ. ಕುರುಬ, ಬಂಡೆ, ಬೆಳಕು ಎಂದು ಮೂರನ್ನೂ ಸುರಿದರೆ ದಣಿದ ಮನಸ್ಸು ಯಾವುದನ್ನೂ ಹಿಡಿಯುವುದಿಲ್ಲ. ಆರೇಳು ವಚನ ಮೀರಬೇಡಿ. ನಿಧಾನವಾಗಿ ಓದಿದರೂ 23ನೇ ಕೀರ್ತನೆಗೆ ಎರಡು ನಿಮಿಷ ಸಾಕು. ಓದಿ ಸುಮ್ಮನಿರಿ. ಅವರು ಕೇಳಿದರೆ ಮಾತ್ರ ವಿವರಿಸಿ. ಅಕ್ಷರ ದೊಡ್ಡದಾಗಿರುವ ಒಂದು ಹಾಳೆಯನ್ನು ದಿಂಬಿನ ಪಕ್ಕ ಬಿಟ್ಟು ಬನ್ನಿ (ಆ ಹಾಳೆಗಳನ್ನೆಲ್ಲ ಕೈಯಾರೆ ಬರೆದುಕೊಟ್ಟ ಅಮ್ಮಂದಿರಿಗೆ ನಮಸ್ಕಾರ). ಹೋಲಿಕೆಯನ್ನು ಅದರ ಅಧ್ಯಾಯದಿಂದ ಕಿತ್ತು ತರಬೇಡಿ. ಸಿಂಹ ಪ್ರಕಟನೆ 5:5ರಲ್ಲಿ ಯೂದಕುಲದ ಕ್ರಿಸ್ತನು, 1 ಪೇತ್ರ 5:8ರಲ್ಲಿ ಸೈತಾನನು. ಪ್ರಕಟನೆಯಲ್ಲೂ ಯೋಹಾನನು ಕಿವಿಯಲ್ಲಿ ಕೇಳಿದ್ದು ಸಿಂಹ, ಕಣ್ಣಲ್ಲಿ ಕಂಡದ್ದು ಕೊಯ್ಯಲ್ಪಟ್ಟಂತಿದ್ದ ಕುರಿಮರಿ. ಎರಡನ್ನೂ ಕೂಡಿಸಿ ಓದದಿದ್ದರೆ ಬಲ ಯಾವುದು ಎಂಬುದೇ ತಪ್ಪಾಗಿ ತಿಳಿಯುತ್ತದೆ.

ಕೊನೆಗೆ ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ. ಪ್ರಕಟನೆ 22:16ರಲ್ಲಿ ಯೇಸು ತನ್ನನ್ನು ಪ್ರಕಾಶಮಾನವಾದ ಉದಯ ನಕ್ಷತ್ರ ಎಂದು ಕರೆದುಕೊಳ್ಳುತ್ತಾನೆ. ನಮ್ಮ ಹಳ್ಳಿಗಳ ಮಾತಿನಲ್ಲಿ ಅದು ಬೆಳ್ಳಿ. ‘ಬೆಳ್ಳಿ ಮೂಡಿತು, ಏಳಿ’ ಎಂದು ಬೀಸುವವರೂ ಗಾಡಿ ಹೂಡುವವರೂ ಎಚ್ಚರಗೊಳ್ಳುತ್ತಿದ್ದ ಚುಕ್ಕಿ. ಈ ಬೆಳ್ಳಿ ಅಂದರೆ ಶುಕ್ರಗ್ರಹ, ಅದು ಸುಮಾರು 263 ದಿನ ಬೆಳಗಿನ ಜಾವ ಪೂರ್ವದಲ್ಲಿ, ನಡುವೆ ಕೆಲ ಕಾಲ ಮರೆಯಾಗಿ, ಮತ್ತೆ ಅಷ್ಟೇ ದಿನ ಸಂಜೆ ಪಶ್ಚಿಮದಲ್ಲಿ ಕಾಣುತ್ತದೆ. ಹಾಗಾಗಿ ಕಿಟಕಿಯತ್ತ ಕೈ ತೋರಿಸುವ ಮೊದಲು ಈಗ ಯಾವ ಕಾಲ ಎಂದು ನೋಡಿಕೊಳ್ಳಿ. ಯೆಶಾಯ 14ರಲ್ಲಿ ಬೀಳುವ ಮುಂಜಾನೆಯ ನಕ್ಷತ್ರ ಬಾಬೆಲಿನ ಅರಸನ ಕುರಿತ ಮಾತು, ಇದರೊಡನೆ ಬೆರೆಸಬೇಡಿ. ಬೆಳ್ಳಿ ಮೂಡಿದಾಗ ಕತ್ತಲೆ ಹೋಗಿರುವುದಿಲ್ಲ. ಸೂರ್ಯ ಇನ್ನೂ ಬಂದಿರುವುದಿಲ್ಲ. ಕಾಯಿಲೆಯವರ ನಿದ್ದೆಯೂ ಕಾಯುವವರ ಧೈರ್ಯವೂ ಒಟ್ಟಿಗೆ ಕೈಬಿಡುವ ಹೊತ್ತು ಅದು. ಆ ಹೊತ್ತಿಗೆ ವಾರ್ಡಿನ ದೀಪ ತಗ್ಗಿಸಿ, ಮಂಚದ ಪಕ್ಕ ಸ್ಟೂಲ್ ಎಳೆದು ಕೊಟ್ಟು, ‘ಈಗ ಓದಿ, ಎಚ್ಚರವಾಗಿದ್ದಾರೆ’ ಎಂದು ಮೆಲ್ಲಗೆ ಕರೆದ ಸೋದರಿಯರೇ, ನಿಮಗೆ ನಮ್ಮೆಲ್ಲರ ವಂದನೆ.