ಸಮುದ್ರ ಮಗ್ಗುಲಲ್ಲಿದ್ದರೂ ಸ್ಕಿಮ್ಮರ್ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ಬಂದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಕರಾವಳಿಯವರಿಗೆ, ನೀರಿನ ಕೊಳೆಯನ್ನು ನೊರೆಯ ಜೊತೆ ಹೊರಹಾಕುವ ಪ್ರೊಟೀನ್ ಸ್ಕಿಮ್ಮರ್ ಎಂಬ ದುಬಾರಿ ಯಂತ್ರದ ಹಂಗಿಲ್ಲ, ವಾರಕ್ಕೆರಡು ಕೊಡ ಸಮುದ್ರದ ನೀರು ಬದಲಿಸಿದರೆ ಮುಗಿಯಿತು ಎಂಬ ಅದರ ಮಾತಿಗೆ ನನ್ನ ತಕರಾರಿದೆ. ನಾನು ಕಾರವಾರದಲ್ಲಿ ಫ್ರಿಜ್, ಎಸಿ ರಿಪೇರಿ ಮಾಡುವವನು. ಇಂಥ ಟ್ಯಾಂಕುಗಳ ನೀರು ತಣಿಸುವ ಚಿಲ್ಲರ್ ಕೆಟ್ಟರೆ ಕರೆಯುತ್ತಾರೆ. ಹೋದ ಮೇಲೆ "ಹೇಗೂ ಬಂದಿದ್ದೀರಿ, ಇದನ್ನೂ ಸ್ವಲ್ಪ ನೋಡಿ" ಎಂದು ಸ್ಕಿಮ್ಮರ್ ತೋರಿಸುತ್ತಾರೆ. ಹೀಗಾಗಿ ಈಗ ಚಿಲ್ಲರ್‌ಗಿಂತ ಸ್ಕಿಮ್ಮರ್ ಸಹವಾಸವೇ ಜಾಸ್ತಿ.

ಮೊದಲು ಆ ಎರಡು ಕೊಡ ನೀರಿನ ವಿಷಯ. ಹವಳ, ಹವಳದ ಮೀನು ಇರುವ ಟ್ಯಾಂಕಿಗೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು ಬೇಕು. ಜೂನ್ ದಾಟಿ ಕಾಳಿ ನದಿ ಕೆಂಪಾಗಿ ಇಳಿಯತೊಡಗಿದರೆ ಕೋಡಿಬಾಗ, ದೇವಬಾಗದ ಅಳಿವೆ ಹತ್ತಿರದ ನೀರಿನಲ್ಲಿ ಉಪ್ಪು ಅರ್ಧಕ್ಕಿಂತ ಕೆಳಗೆ ಬೀಳುವುದುಂಟು. ಬೈತಖೋಲ ಬಂದರಿನಲ್ಲಿ ತುಂಬಿಕೊಂಡರೆ ಬೋಟುಗಳ ಡೀಸೆಲ್ ಪಸೆಯೂ ಜೊತೆಗೆ ಬರುತ್ತದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಇಲ್ಲದೆ ಮಳೆಗಾಲದಲ್ಲಿ ಇಲ್ಲಿಯ ನೀರು ಟ್ಯಾಂಕಿಗೆ ಸುರಿಯುವುದೆಂದರೆ ಮೀನಿನ ಜೀವದ ಜೊತೆ ಜೂಜು. ಉಪ್ಪು ಸರಿಯಿದ್ದರೂ, ದಿನವೂ ಹಾಕುವ ತೀನಿಯ ಉಳಿಕೆ, ಮೀನಿನ ಲೋಳೆ, ಮಲ ವಾರವಿಡೀ ಅದೇ ನೀರಿನಲ್ಲಿ ಕೊಳೆಯುತ್ತಿರುತ್ತವೆ.

ಸ್ಕಿಮ್ಮರ್ ಅವನ್ನು ಕೊಳೆಯುವ ಮೊದಲೇ ಎತ್ತಿ ಹೊರಗೆ ಹಾಕುತ್ತದೆ. ಮಳೆಗಾಲದಲ್ಲಿ ಟಾಗೋರ್ ಕಡಲತೀರದಲ್ಲಿ ಅಲೆ ಹೊಡೆದು ಬಿಟ್ಟುಹೋಗುವ ಕಂದು ನೊರೆ ನೋಡಿದ್ದೀರಲ್ಲ, ಅಲ್ಲಿ ನಡೆಯುವುದೇ ಈ ಯಂತ್ರದೊಳಗೂ ನಡೆಯುತ್ತದೆ. ಪ್ರೊಟೀನಿನಂಥ ಅಣುಗಳ ಒಂದು ಕಡೆಗೆ ನೀರು ಬೇಕು, ಇನ್ನೊಂದು ಕಡೆಗೆ ಬೇಡ. ಗಾಳಿಗುಳ್ಳೆ ಸಿಕ್ಕಿದರೆ ಅದರ ಮೈಗೆ ಅಂಟುತ್ತವೆ. ಪಂಪಿನ ಮುಳ್ಳುಚಕ್ರ ಗಾಳಿಯನ್ನು ಪುಡಿಪುಡಿ ಮಾಡಿ ಕೊಳವೆಯೊಳಗೆ ಬಿಡುತ್ತದೆ, ಗುಳ್ಳೆಗಳು ಕೊಳೆ ಹೊತ್ತು ಕೊಳವೆಯ ಕತ್ತಿನವರೆಗೆ ಏರಿ, ಕೊಳೆ ಸಂಗ್ರಹಿಸುವ ಬಟ್ಟಲಿಗೆ, ಅಂದರೆ ಕಪ್ಪಿಗೆ, ಬೀಳುತ್ತವೆ. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡವಾಗಿ ಒಡೆದು ಹೋಗುತ್ತವೆ, ಉಪ್ಪುನೀರಿನಲ್ಲಿ ಸಣ್ಣದಾಗಿಯೇ ಉಳಿಯುತ್ತವೆ. ಗೋಲ್ಡ್‌ಫಿಶ್ ಸಾಕುವವರು ಇದನ್ನು ಕೊಳ್ಳದಿರುವುದು ಅದಕ್ಕೇ.

ಕೂರಿಸುವ ವಿಷಯಕ್ಕೆ ಬಂದರೆ, ನೂರರಲ್ಲಿ ತೊಂಬತ್ತು ದೂರು ನೀರಿನ ಮಟ್ಟದ್ದೇ. ಕಾಜುಬಾಗದ ಒಂದು ಕ್ಲಿನಿಕ್ಕಿನ ಕತೆ ಹೇಳಿದರೆ ತಿಳಿಯುತ್ತದೆ. ಟ್ಯಾಂಕಿನ ಕೆಳಗೆ ಕಪಾಟಿನೊಳಗೆ ಇಡುವ ಖಾನೆಗಳ ತೊಟ್ಟಿಗೆ ಸಂಪು ಎನ್ನುತ್ತಾರೆ. ಅದರಲ್ಲಿ, ನೀರನ್ನು ಮೇಲಿನ ಟ್ಯಾಂಕಿಗೆ ಮರಳಿಸುವ ರಿಟರ್ನ್ ಪಂಪ್ ಇರುವ ಕೊನೆಯ ಖಾನೆಗೇ ಸ್ಕಿಮ್ಮರನ್ನು ಇಳಿಸಿದ್ದರು. ನೀರು ಆವಿಯಾದರೆ ಮಟ್ಟ ಇಳಿಯುವುದು ಆ ಖಾನೆಯಲ್ಲೇ. ಭಾನುವಾರ ಬಾಗಿಲು ಹಾಕಿ ಸೋಮವಾರ ತೆರೆದರೆ ನೊರೆಯೇ ಇಲ್ಲ. ಕಾಂಪೌಂಡರ್ ಒಂದು ಬಕೆಟ್ ನೀರು ಒಮ್ಮೆಲೇ ಸುರಿಯುತ್ತಾನೆ. ಮಧ್ಯಾಹ್ನದೊಳಗೆ ಕಪ್ ತುಂಬಿ ಹೊರಚೆಲ್ಲುತ್ತದೆ. ಅವನು ವಾಲ್ವ್ ತಿರುಗಿಸುತ್ತಾನೆ, ಬುಧವಾರ ಮತ್ತೆ ನೊರೆ ಇಲ್ಲ, ಮತ್ತೆ ತಿರುಗಿಸುತ್ತಾನೆ. ಡಾಕ್ಟರು ಹೊಸ ಯಂತ್ರ ತರಿಸುವ ಯೋಚನೆಯಲ್ಲಿದ್ದರು. ಯಂತ್ರದಲ್ಲಿ ಏನೂ ದೋಷವಿರಲಿಲ್ಲ. ಅಡ್ಡಗಾಜಿನಿಂದ ನೀರು ಸದಾ ಒಂದೇ ಎತ್ತರದಲ್ಲಿ ನಿಲ್ಲುವ ನಡುವಿನ ಖಾನೆಗೆ ಅದನ್ನು ಎತ್ತಿಟ್ಟೆ, ಅಡಿಗೆ ಪಿವಿಸಿ ಪೈಪಿನ ಪುಟ್ಟ ಮಣೆ ಕೊಟ್ಟೆ. ಹೆಚ್ಚಿನ ಮಾದರಿಗಳಿಗೆ 7ರಿಂದ 9 ಅಂಗುಲ ನೀರು ಬೇಕು, ಕಂಪನಿಯ ಕಾಗದದಲ್ಲಿ ಅಳತೆ ಬರೆದಿರುತ್ತದೆ, ಓದುವವರು ಕಡಿಮೆ. ಆವಿಯಾದಷ್ಟು ಆರ್‌ಓ ನೀರು ತಾನಾಗಿ ಇಳಿಯುವಂತೆ ಒಂದು ಫ್ಲೋಟ್ ವಾಲ್ವ್ ಹಾಕಿದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿರುತ್ತದೆ. ಆದ್ದರಿಂದ ತುಂಬಿಸುವುದು ಉಪ್ಪಿಲ್ಲದ ನೀರೇ ಆಗಬೇಕು.

ಹೊಸ ಸ್ಕಿಮ್ಮರ್ ಮೊದಲ ದಿನವೇ ಕೆಲಸ ಮಾಡಲಿ ಎಂದು ಹಟ ಹಿಡಿಯಬಾರದು. ತಯಾರಿಕೆಯ ಎಣ್ಣೆಪಸೆ ಒಳಗಿರುತ್ತದೆ. ವಿನೆಗರ್ ಬೆರೆಸಿದ ನೀರಿನಲ್ಲಿ ಒಮ್ಮೆ ಓಡಿಸಿ ತೊಳೆದರೂ, ಒಳಗೋಡೆಗೆ ಸೂಕ್ಷ್ಮಜೀವಿಗಳ ಪೊರೆ ಕೂಡುವವರೆಗೆ, ಒಂದೆರಡು ವಾರ, ಅದು ಮನಬಂದಂತೆ ಆಡುತ್ತದೆ. ಕೆಲವೊಮ್ಮೆ ಟ್ಯಾಂಕ್ ತುಂಬ ಪುಡಿಗುಳ್ಳೆ, ಕೆಲವೊಮ್ಮೆ ಏನೂ ಇಲ್ಲ. ಗಾಳಿಯ ವಾಲ್ವ್ ಪೂರ್ತಿ ತೆರೆದಿಟ್ಟು, ನೀರು ಹೊರಹೋಗುವ ಗೇಟನ್ನು ಕೂದಲೆಳೆಯಷ್ಟು ತಿರುಗಿಸಿ, ಒಂದು ದಿನ ಬಿಟ್ಟು ನೋಡಬೇಕು. ಉಕ್ಕುವ ಹಾಲು ಪಾತ್ರೆಯ ಅಂಚಿಗೆ ಬಂದಂತೆ ನೊರೆ ಕತ್ತಿನಲ್ಲಿ ನಿಂತಿರಬೇಕು. ಕಪ್ಪಿನಲ್ಲಿ ತಿಳಿ ಚಹಾದ ಬಣ್ಣ ಕಂಡರೆ ನೊರೆ ತೀರಾ ತೇವ, ಡಾಂಬರಿನಂತೆ ಗಟ್ಟಿಯಾದರೆ ತೀರಾ ಒಣ. ನನಗೆ ನಡುವಿನ ಕಡುಗಂದು ಬಣ್ಣ ಇಷ್ಟ.

ಎರಡು ಮೂರು ದಿನಕ್ಕೊಮ್ಮೆ ಕಪ್ ಖಾಲಿ ಮಾಡಿ ಕತ್ತನ್ನು ಒಳಗಿನಿಂದ ಒರೆಸಬೇಕು. ಅಲ್ಲಿ ಜಿಡ್ಡು ಕಟ್ಟಿದರೆ ನೊರೆ ಹತ್ತುವುದಿಲ್ಲ. ತಲೆಗೆ ತೆಂಗಿನೆಣ್ಣೆ ಹಚ್ಚಿಕೊಂಡ ಕೈಯನ್ನೇ ಟ್ಯಾಂಕಿಗೆ ಅದ್ದಿದರೂ ಸಾಕು, ನೊರೆ ಕುಸಿದುಹೋಗುತ್ತದೆ. ಎಣ್ಣೆಯಂಶದ ತೀನಿ ಹಾಕಿದ ಮೇಲೂ ಕೆಲವು ಗಂಟೆ ಹಾಗೆಯೇ. ಆಗ ವಾಲ್ವ್ ಮುಟ್ಟಬೇಡಿ, ತಾನೇ ಸರಿಹೋಗುತ್ತದೆ.

ನಮ್ಮ ಕಡೆಯ ವಿಶೇಷ ತೊಂದರೆ ಕರೆಂಟಿನದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ರಿಟರ್ನ್ ಪಂಪ್ ನಿಲ್ಲುತ್ತದೆ, ಮೇಲಿನ ಟ್ಯಾಂಕಿನ ನೀರು ಸಂಪಿಗೆ ಇಳಿದು ಸ್ಕಿಮ್ಮರಿನ ಸುತ್ತ ಮಟ್ಟ ಏರುತ್ತದೆ. ನಡುರಾತ್ರಿ ಕರೆಂಟು ಬಂದಾಗ ಎರಡೂ ಒಟ್ಟಿಗೆ ಶುರುವಾದರೆ ಕಪ್ಪಿನಲ್ಲಿದ್ದ ಕೊಳೆಯೆಲ್ಲ ಸಂಪಿಗೋ ನೆಲಕ್ಕೋ. ಸ್ಕಿಮ್ಮರಿಗೆ ಮಾತ್ರ ಹತ್ತು ನಿಮಿಷ ತಡವಾಗಿ ಶುರುವಾಗುವ ಟೈಮರ್ ಹಾಕಿದರೆ ಈ ಕಾಟವಿಲ್ಲ. ಇನ್ವರ್ಟರ್ ಇರುವವರು ಒಂದು ಪಂಪನ್ನಾದರೂ ಅದಕ್ಕೆ ಜೋಡಿಸಿ, ಮೀನಿಗೆ ಉಸಿರಾಡಲು ಗಾಳಿ ಸಿಗುತ್ತದೆ. ಆದರೆ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಪರ್ಯಾಯ ವಿದ್ಯುತ್ತಿನ (ಎಸಿ) ಪಂಪ್ ಗುಂಯ್ಗುಡುತ್ತ ಬಿಸಿಯಾಗುತ್ತದೆ, ಸೈನ್ ವೇವ್ ಬೇಕು. ಕರೆಂಟು ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಇಲ್ಲದ ಮನೆಯಲ್ಲಿ ನಾನು ಉಪ್ಪುನೀರಿಗೆ ಕೈ ಅದ್ದುವುದೇ ಇಲ್ಲ, ಗಿರಾಕಿ ಸಿಟ್ಟಾದರೂ ಅಡ್ಡಿಯಿಲ್ಲ.

ಇನ್ನೊಂದು, ಜಡಿಮಳೆಗೆ ಕಿಟಕಿಗಳೆಲ್ಲ ಮುಚ್ಚಿದಾಗ ಕೋಣೆಯಲ್ಲಿ ನಮ್ಮದೇ ಉಸಿರಿನ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಸ್ಕಿಮ್ಮರ್ ಅದನ್ನೇ ಎಳೆದು ನೀರಿಗೆ ಕಲಸುತ್ತದೆ, ಪಿಎಚ್ ಇಳಿಯುತ್ತದೆ, ಅಂದರೆ ನೀರು ಆಮ್ಲದ ಕಡೆಗೆ ವಾಲುತ್ತದೆ. ಗಾಳಿ ನಳಿಕೆಯನ್ನು ಕಿಟಕಿಯ ಸಂದಿಯಿಂದ ಹೊರಗೆ ಬಿಟ್ಟರೆ ಎಷ್ಟೋ ವಾಸಿ. ಆ ನಳಿಕೆ ಪಂಪಿಗೆ ಸೇರುವ ತುದಿಯಲ್ಲಿ ಉಪ್ಪು ಹೆಪ್ಪುಗಟ್ಟಿ ಗಾಳಿ ಕಟ್ಟುತ್ತದೆ, ಆಗಾಗ ಬಿಸಿನೀರು ಹಾಯಿಸಬೇಕು.

ಸ್ಕಿಮ್ಮರ್ ಇದ್ದರೆ ನೀರೇ ಬದಲಿಸಬೇಕಿಲ್ಲ ಎನ್ನುವ ಅಂಗಡಿಯವರೂ ಇದ್ದಾರೆ, ಅದೂ ಸುಳ್ಳೇ. ಆಗಲೇ ಕೊಳೆತು ನೈಟ್ರೇಟ್ ಆಗಿಹೋದದ್ದನ್ನು ಅದು ತೆಗೆಯುವುದಿಲ್ಲ.

ಕೊನೆಗೆ ಒಂದು ತಿದ್ದುಪಡಿ ಕೇಳುತ್ತೇನೆ. ನಿಮ್ಮ ಲೇಖನದಲ್ಲಿ ನೇತ್ರಾಣಿ ದ್ವೀಪದ ಕಡೆಯಿಂದ ಹವಳದ ತುಂಡು ತಂದು ಅಲಂಕರಿಸಬಹುದು ಎಂಬ ಧಾಟಿಯ ಸಾಲೊಂದಿತ್ತು. ಬಂಡೆ ಕಟ್ಟುವ ಹವಳ, ಕಪ್ಪು ಹವಳ, ಸಮುದ್ರ ಬೀಸಣಿಗೆ, ಕಡಲಕುದುರೆ ಇವನ್ನೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಗೆ, ಸೇರಿಸಲಾಗಿದೆ. ಹುಲಿಯೂ ಅದೇ ಪಟ್ಟಿಯಲ್ಲಿದೆ. ಓದಿದ ಯಾರಾದರೂ ಮುರ್ಡೇಶ್ವರದಿಂದ ಬೋಟು ಹತ್ತಿ ಹೋಗಿ ತಂದಾರು. ಮುಂದಿನ ಭಾನುವಾರದ ಪುರವಣಿಯಲ್ಲೇ, ಅದೇ ಪುಟದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇದನ್ನು ಹಾಕಿ.

– ಒಬ್ಬ ಓದುಗ, ಹಬ್ಬುವಾಡ, ಕಾರವಾರ