ಆ ಭಯ ಇರಲಿ, ಅಳಿಯಾ

ಬಳ್ಳಾರಿ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಭತ್ತದ ಲೆಕ್ಕ, ನನ್ನ ಅಕ್ಕನ ಮಂಡಿನೋವು, ಕಾಲುವೆ ನೀರಿನ ಜಗಳ ಎಲ್ಲವನ್ನೂ ಓದಿದೆ. ಅವಕ್ಕೆಲ್ಲ ನಿನ್ನ ಅತ್ತೆ ಫೋನಿನಲ್ಲಿ ಉತ್ತರ ಹೇಳುತ್ತಾಳೆ. ನಾನು ಬರೆಯಲು ಕುಳಿತಿದ್ದು ಕೊನೆಯ ಪುಟದ ಒಂದು ಸಾಲಿಗಾಗಿ. ‘ಜೀಪನ್ನು ಎತ್ತಿ ಕೆಳಗೆ ಮಲಗಿದರೆ ಎದೆ ಹೊಡೆದುಕೊಳ್ಳುತ್ತದೆ, ಗೆಳೆಯರು ನಗುತ್ತಾರೆ, ಈ ಭಯ ಬಿಡಿಸಿಕೊಳ್ಳುವುದು ಹೇಗೆ ಮಾವ’ ಎಂದು ಕೇಳಿದ್ದೀಯಲ್ಲ, ಅದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಆಯಿತು ಮಾವ’ ಎಂದು ಇಟ್ಟುಬಿಡುತ್ತೀ.

ಜೀಪಿನ ಬಗ್ಗೆ ನನ್ನ ತಕರಾರಿಲ್ಲ. ಮಹೀಂದ್ರಾ ಎಂಎಂ 540 ಒಳ್ಳೆಯ ಗಾಡಿ, ಅದರ ಪೆಜೋ ಡೀಸೆಲ್ ಎಂಜಿನ್ ಹಟಮಾರಿ ಜಾತಿಯದು. ನಾಲ್ಕೂ ಮೂಲೆಗೆ ಪಾಟಾ, ಅಂದರೆ ಕಮಾನಿನಂಥ ಪಟ್ಟಿ ಸ್ಪ್ರಿಂಗ್, ಇರುವ ಗಾಡಿಯನ್ನು ಎತ್ತರ ಮಾಡಲು ಮನೆಯ ಅಂಗಳ ಸಾಕು ಎನ್ನುವ ನಿನ್ನ ಮಾತೂ ಸುಳ್ಳಲ್ಲ. ಆನೆಗೊಂದಿ ಕಡೆಯ ಬಂಡೆದಾರಿಯಲ್ಲಿ ಹೊಟ್ಟೆ ತಾಗದಂತೆ ಓಡಿಸುವ ಆಸೆ ಈ ವಯಸ್ಸಿನಲ್ಲಿ ಅಲ್ಲದೆ ಇನ್ನು ಯಾವಾಗ?

ನನ್ನನ್ನು ಕಾಡಿದ್ದು ನಿನ್ನ ಭಯವಲ್ಲ, ಅದನ್ನು ಬಿಡಿಸಿಕೊಳ್ಳುವ ನಿನ್ನ ಅವಸರ. ಹೇಗೆ ಹೋಗುತ್ತದೆ ಎಂಬುದು ನನಗೆ ಗೊತ್ತು. ನಾಲ್ಕಾರು ಸಲ ಕೆಳಗೆ ಹೋಗಿ ಏನೂ ಆಗದೆ ಹೊರಗೆ ಬಂದರೆ ಅದು ಹೇಳದೆ ಕೇಳದೆ ಹೋಗಿಬಿಡುತ್ತದೆ. ಯಾರೂ ಕಲಿಸಬೇಕಿಲ್ಲ. ರಾತ್ರಿ ನಿದ್ದೆ ಬಾರದಂತೆ ಮಾಡಿದ್ದು ಅದೇ ಯೋಚನೆ.

ನಾನು ಗ್ಯಾರೇಜು ಸೇರಿದ್ದು 1977ರಲ್ಲಿ, ದೋಣಿಮಲೈ ಗಣಿ ಶುರುವಾದ ವರ್ಷ. ಸಂಡೂರು ಕಡೆಯಿಂದ ಹಳೆಯ ಸಿಜೆ ಜೀಪುಗಳು ಪಾಟಾ ತುಂಡರಿಸಿಕೊಂಡು ಬರುತ್ತಿದ್ದವು. ಅದಿರಿನ ಕೆಂಪು ಧೂಳು ಗ್ರೀಸಿನೊಂದಿಗೆ ಬೆರೆತು ಪಾಟಾಗಳ ನಡುವೆ ಅರಗಿನಂತೆ ಕೂತಿರುತ್ತಿತ್ತು. ಅಂಗಾತ ಮಲಗಿ ಸ್ಕ್ರೂಡ್ರೈವರಿನಿಂದ ಅದನ್ನು ಕೆರೆಯುವುದು ಹೊಸ ಹುಡುಗರ ಕೆಲಸ. ಕೆರೆದದ್ದೆಲ್ಲ ಕಣ್ಣಿಗೇ ಬೀಳುತ್ತಿತ್ತು. ಸಂಜೆ ಮೂಗು ಸೀನಿದರೆ ಕರವಸ್ತ್ರ ಕೆಂಪು. ಆ ಕೆಲಸ ನನಗೆ ಎಷ್ಟು ಇಷ್ಟವಿತ್ತು ಎಂದು ಈಗ ಯಾರಿಗೂ ಹೇಳುವುದಿಲ್ಲ, ಹೇಳಿದರೆ ನಂಬುವುದಿಲ್ಲ.

ನನ್ನ ಜೊತೆ ಕೆಲಸಕ್ಕಿದ್ದ ಆ ಹುಡುಗನಿಗೆ ಜೀಪಿನ ಕೆಳಗೆ ಆದದ್ದು ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಮತ್ತೆ ಬರೆಯುವುದಿಲ್ಲ. ಅಕ್ಕನಿಗೂ ಗೊತ್ತಿಲ್ಲದ್ದು ಒಂದಿದೆ. ಆ ಕೆಲಸ ಆ ದಿನ ನನ್ನ ಪಾಲಿಗೆ ಬಂದಿತ್ತು. ಜಾಕಿ ಒಂದು ಕಡೆಗೆ ಕೂದಲೆಳೆಯಷ್ಟು ವಾಲಿದಂತೆ ಕಂಡಿತು, ನಾನು ಒಲ್ಲೆ ಎಂದೆ. ಉಸ್ತಾದರು ಎಲ್ಲರೆದುರು ನಕ್ಕರು. ಅವನೂ ನಕ್ಕ. ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಕೆಳಗೆ ಸರಿದ. ಅವನಿಗೂ ಮೊದಮೊದಲು ಎದೆ ಹೊಡೆದುಕೊಳ್ಳುತ್ತಿತ್ತು, ಅಳಿಯಾ. ಬಿಡಿಸಿಕೊಂಡಿದ್ದ.

ಆಮೇಲೆ ನಾನು ಗ್ಯಾರೇಜಿಗೆ ಹೋಗಲಿಲ್ಲ. ಸ್ಟೋರಿನ ಕೆಲಸ ಸಿಕ್ಕಿತು, ಮನೆಯವರು ಅದೃಷ್ಟ ಎಂದರು. ರಿಜಿಸ್ಟರ್ ಬರೆಯುತ್ತಲೇ ನಿವೃತ್ತನಾದೆ. ಹೆದರಿ ಓಡಿಬಂದವನು ಎಂಬ ಮಾತು ನನ್ನೊಳಗೇ ಇತ್ತು, ಬೇರೆ ಯಾರೂ ಅನ್ನಲಿಲ್ಲ. ಕೌಲ್ ಬಜಾರಿನಲ್ಲಿ ಅವನ ಮನೆ ದಾಟುವಾಗ ಇವತ್ತಿಗೂ ಗಾಡಿ ನಿಧಾನ ಮಾಡುತ್ತೇನೆ, ಇಳಿಯುವುದಿಲ್ಲ. ಇಳಿದರೆ ಅವನು ಚಹಾ ತರಿಸುತ್ತಾನೆ, ಹಳೆಯ ಮಾತು ಒಂದನ್ನೂ ಎತ್ತುವುದಿಲ್ಲ. ನನಗೆ ತಡೆದುಕೊಳ್ಳಲಾಗದ್ದು ಅದೇ.

ಇದನ್ನೆಲ್ಲ ಏಕೆ ಬರೆದೆನೋ. ಮಾವ ಹೆದರಿಸುತ್ತಿದ್ದಾನೆ ಎಂದುಕೊಳ್ಳಬೇಡ. ಹೆದರಿಕೆ ನಿನ್ನಲ್ಲೇ ಇದೆ, ಇರುವುದು ಇರಲಿ ಎನ್ನುತ್ತಿದ್ದೇನೆ ಅಷ್ಟೆ.

ನೀನು ಕೇಳಿದ್ದಕ್ಕೂ ಒಂದಿಷ್ಟು ಹೇಳಬೇಕು. ನನ್ನದು ಹಳೆಯ ಕಾಲದ ತಿಳಿವಳಿಕೆ, ನಿಮ್ಮ ಊರಿನ ಮೆಕ್ಯಾನಿಕ್ ಬೇರೆ ಹೇಳಿದರೆ ಅವನ ಮಾತನ್ನೂ ಕೇಳು. ಚಾಸಿಯ (ಗಾಡಿಯ ಕಬ್ಬಿಣದ ಚೌಕಟ್ಟಿನ) ಕೆಳಗೆ ಸಿಮೆಂಟ್ ಬ್ಲಾಕ್ ಇಟ್ಟಿದ್ದೇನೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಓದಿ ಕನ್ನಡಕ ತೆಗೆದಿಟ್ಟೆ. ಬ್ಲಾಕ್ ಹೊರುವಷ್ಟು ಹೊತ್ತು ಹೊರುತ್ತದೆ, ಒಡೆಯುವಾಗ ಮುನ್ಸೂಚನೆ ಕೊಡದೆ ಒಮ್ಮೆಲೇ ಪುಡಿಯಾಗುತ್ತದೆ. ಒಂದು ಟನ್ನಿಗೂ ಮಿಕ್ಕ ಗಾಡಿ ಅದು. ಜಾಕಿ ಎತ್ತುವುದಕ್ಕೆ ಮಾತ್ರ, ಹಿಡಿದು ನಿಲ್ಲಿಸುವುದಕ್ಕಲ್ಲ, ಅದಕ್ಕೆ ಕಬ್ಬಿಣದ ಸ್ಟ್ಯಾಂಡ್ ಬೇಕು. ಒಳಗಿನ ಸೀಲ್ ಸವೆದಿದ್ದರೆ ಎಣ್ಣೆ ಜಾರಿ ಗಾಡಿ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯುತ್ತದೆ. ನಿಮ್ಮ ಅಂಗಳದ್ದು ಎರೆ ಮಣ್ಣು, ಒಂದು ಮಳೆ ಬಿದ್ದರೆ ಜಾಕಿಯ ಬುಡವೇ ಹೂತುಹೋಗುತ್ತದೆ. ಸ್ಟ್ಯಾಂಡಿಗೂ ಜಾಕಿಗೂ ಅಡಿಯಲ್ಲಿ ದಪ್ಪ ಕಬ್ಬಿಣದ ಹಲಗೆ ಬೇಕು.

ಇನ್ನೊಂದು. ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟಿತೋ, ಎರಡು ಚಕ್ರಗಳನ್ನು ಬೇರೆಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ನೆಲದ ಮೇಲಿನ ಇನ್ನೊಂದು ಚಕ್ರ ಉರುಳಬಹುದು, ಬ್ರೇಕ್ ಎಳೆದಿದ್ದರೂ. ನಿನ್ನದು ಅಂಥದ್ದೋ ನೋಡಿಕೋ. ಹೇಗಿದ್ದರೂ ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡೆ ಕೊಡು.

ಪಾಟಾದ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಉದ್ದದ್ದು ಹಾಕಿದರೆ ಅಗ್ಗ ಎಂದು ಗೆಳೆಯರು ಹೇಳಿರುತ್ತಾರೆ. ಎರಡು ಇಂಚು ಉದ್ದದ ಶ್ಯಾಕಲಿಗೆ ಗಾಡಿ ಏರುವುದು ಒಂದೇ ಇಂಚು, ಪಾಟಾದ ಇನ್ನೊಂದು ತುದಿ ಇದ್ದಲ್ಲೇ ಇರುತ್ತದಲ್ಲ. ಮುಂದಿನ ಹೌಸಿಂಗ್ (ಚಕ್ರಗಳ ಅಚ್ಚು ಕೂತ ಕೊಳವೆ) ತಿರುಗಿ ಸ್ಟೇರಿಂಗ್ ಅಲೆದಾಡುವುದು ಬೇರೆ. ಕಮಾನು ಹೆಚ್ಚಿರುವ ಪಾಟಾ ಮಾಡಿಸುವುದೇ ಮೇಲು ಎಂದು ನನ್ನ ಅಭಿಪ್ರಾಯ. ಅದೂ ಎರಡು ಇಂಚಿಗೆ ನಿಲ್ಲಲಿ. ಹೆಚ್ಚು ಏರಿಸಿದಷ್ಟೂ ಶಾಫ್ಟಿನ ಕೋನ ಕೆಟ್ಟು ಅದರ ಕೀಲಾದ ಕ್ರಾಸ್ ಸವೆಯುತ್ತದೆ, ತಿರುವಿನಲ್ಲಿ ಗಾಡಿ ಮಗುಚುವ ಭಯ ಜಾಸ್ತಿ. ನೋಡು, ಮತ್ತೆ ಭಯಕ್ಕೇ ಬಂದೆ.

ಪಾಟಾದ ಪಟ್ಟಿಗಳನ್ನು ಒಟ್ಟಿಗೆ ಹಿಡಿದಿರುವ ಸೆಂಟರ್ ಬೋಲ್ಟ್ ಬಿಚ್ಚುವ ಮುಂಚೆ ಪಾಟಾಗಳನ್ನೆಲ್ಲ ಕ್ಲ್ಯಾಂಪಿನಿಂದ ಬಿಗಿದುಕೋ, ಇಲ್ಲದಿದ್ದರೆ ಚಿಮ್ಮುತ್ತವೆ. ಹೌಸಿಂಗ್ ಜೋತುಬಿದ್ದಾಗ ಬ್ರೇಕಿನ ರಬ್ಬರ್ ಪೈಪು ಬಿಗಿಯಾಗುತ್ತದೆಯೇ ಎಂದು ಕೈಯಿಂದ ಮುಟ್ಟಿ ನೋಡು. ಬಿಗಿಯಾದರೆ ಉದ್ದದ್ದು ಹಾಕಿಸು, ಶಾಕ್ ಅಬ್ಸಾರ್ಬರೂ ಹಾಗೆಯೇ. ಪಾಟಾದ ತುದಿಗಳಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟನ್ನು ಗಾಡಿ ತನ್ನ ಚಕ್ರದ ಮೇಲೆ ನಿಂತ ಮೇಲೆ ಬಿಗಿ ಮಾಡು, ಎತ್ತಿಟ್ಟಾಗ ಮಾಡಿದರೆ ರಬ್ಬರ್ ತಿರುಚಿಕೊಂಡು ಬೇಗ ಹಾಳಾಗುತ್ತದೆ. ಸ್ವಲ್ಪ ದೂರ ಓಡಿಸಿ, ಪಾಟಾವನ್ನು ಹೌಸಿಂಗಿಗೆ ಕಟ್ಟಿಹಿಡಿಯುವ ಯು ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಬೇಕು. ಆರ್‌ಟಿಒ ಕಚೇರಿಯಲ್ಲೂ ವಿಚಾರಿಸು. ಕಂಪನಿಯ ಮೂಲ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹೇಳುವುದು ನನ್ನ ಕರ್ತವ್ಯ, ನೀನು ಇದನ್ನು ಕೇಳುವುದಿಲ್ಲ ಎಂದೂ ಗೊತ್ತು.

ನಗುವ ಗೆಳೆಯರಲ್ಲಿ ಒಬ್ಬನನ್ನು ಕೆಳಗೆ ಹೋಗಲು ಹೇಳಬೇಡ. ಅಷ್ಟನ್ನು ಮಾತ್ರ ನನಗಾಗಿ ನಡೆಸಿಕೊಡು.

ಭಾನುವಾರ ಬೆಳಗಿನ ಬಸ್ಸಿಗೆ ಗಂಗಾವತಿಗೆ ಬರುತ್ತೇನೆ. ಕಂಪ್ಲಿ ಸೇತುವೆಯ ಮೇಲೆ ಹೊಳೆ ಬಂದಿದ್ದರೆ ಸುತ್ತಿ ಬರಬೇಕು, ತಡವಾಗಬಹುದು. ಎರಡು ಸ್ಟ್ಯಾಂಡ್ ತರುತ್ತೇನೆ, ಕಂಡಕ್ಟರ್ ಲಗೇಜಿನ ಚೀಟಿ ಹರಿದರೆ ಹರಿಯಲಿ. ಅಲ್ಲಿಯವರೆಗೆ ಬಿಚ್ಚಿದ್ದು ಬಿಚ್ಚಿದಂತೆಯೇ ಇರಲಿ. ಕಳಚಿಟ್ಟ ಚಕ್ರವನ್ನು ಹೊರಗೆ ನಿಂತೇ ಚಾಸಿಯ ಕೆಳಗೆ ಅಡ್ಡ ಮಲಗಿಸಿ ಕೋಲಿನಿಂದ ಒಳಕ್ಕೆ ತಳ್ಳು, ಬ್ಲಾಕ್ ಒಡೆದರೂ ಗಾಡಿ ಅದರ ಮೇಲೆ ನಿಲ್ಲುತ್ತದೆ. ಮಕ್ಕಳು ಆ ಕಡೆ ಆಡದಂತೆ ಅಕ್ಕನಿಗೆ ಹೇಳು.

ಇತಿ ನಿನ್ನ ಮಾವ

ಮರೆತಿದ್ದೆ: ಹಳೆಯ ಯು ಬೋಲ್ಟುಗಳನ್ನೇ ಮತ್ತೆ ಹಾಕಬೇಡ, ಒಮ್ಮೆ ಬಿಗಿದವು ಎಳೆದುಕೊಂಡಿರುತ್ತವೆ. ಹೌಸಿಂಗ್ ಟ್ಯೂಬಿನ ಹೊರಗಿನ ಅಡ್ಡಳತೆ, ಪಾಟಾದ ಅಗಲ ಅಳೆದು ಶನಿವಾರದೊಳಗೆ ಫೋನ್ ಮಾಡು. ಹೊಸದನ್ನು ಇಲ್ಲಿಂದಲೇ ತರುತ್ತೇನೆ.